ಎರಡೂ ಎಡದ ತೋಳು

ಮೆಣಸಿನಕಾಯಿ ರುಬ್ಬುವ ಯಂತ್ರ ಒಮ್ಮೆ ಶುರುವಾಯಿತೆಂದರೆ ಆ ಓಣಿಯಲ್ಲಿ ದೇವರ ಹೆಸರು ಹೇಳುವವರೂ ಗಟ್ಟಿಯಾಗಿಯೇ ಹೇಳಬೇಕು. ಇಕಿರುನ್ ಎಂಬ ಊರಿನ ಪೇಟೆಯ ಹಿಂದುಗಡೆಯ ಓಣಿಯಲ್ಲಿ ಮೂರನೆಯ ಮನೆ ಅದು. ಬೆಳಗ್ಗೆ ಆರಕ್ಕೆಲ್ಲ ಹೆಂಗಸರು ಬಟ್ಟಲು ಬಕೆಟ್ಟು ಹಿಡಿದು ಸಾಲುಗಟ್ಟುತ್ತಿದ್ದರು. ಒಬ್ಬಳದು ವಡೆಗೆ ನೆನೆಸಿದ ಅಲಸಂದೆ, ಇನ್ನೊಬ್ಬಳದು ಸಾರಿಗೆ ಟೊಮೆಟೊ ಮೆಣಸಿನಕಾಯಿ. ಯಂತ್ರದ ಹಗ್ಗ ಜಗ್ಗುವುದು ಅಪ್ಪ, ಮೇಲಿನಿಂದ ಸುರಿಯುವುದು ಅಮ್ಮ, ಬಟ್ಟಲು ತೊಳೆದು ಕೊಡುವುದು ಕಿರಿಯ ಮಗಳು ಅಬೊಸೆಡೆ. ಘಾಟು ಮೂಗಿಗೆ ಬಡಿಯದಂತೆ ಬಾಗಿಲ ಸಂದಿಗೆ ಹಳೆಯ ಬಟ್ಟೆ ತುರುಕಿ ಒಳಕೋಣೆಯಲ್ಲಿ ಮಲಗಿರುವವಳು ಹಿರಿಯ ಮಗಳು ಮೊರೆನಿಕೆ.

ಅವಳು ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿ ಐದು ತಿಂಗಳಾಗಿತ್ತು. ಓದು ಮುಗಿಸಿದವರನ್ನು ಸರ್ಕಾರ ಒಂದು ವರ್ಷ ರಾಷ್ಟ್ರಸೇವೆಗೆ ಕರೆಯುತ್ತದೆ. ಆ ಸೇವೆಯ ಪ್ರಮಾಣಪತ್ರ ಇಲ್ಲದೆ ಯಾವ ಕಚೇರಿಯೂ ಹೊಸ್ತಿಲು ತುಳಿಯಗೊಡುವುದಿಲ್ಲ. ಮೊದಲ ತಂಡದ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಎರಡನೆಯದರಲ್ಲಿ ಬರುತ್ತದೆ ಎಂದರು. ಅಂದಿನಿಂದ ಅವಳ ದಿನವೆಂದರೆ ಫೋನು, ನಿದ್ದೆ, ಊಟ, ಮತ್ತೆ ಫೋನು.

ಒಂದು ಸೋಮವಾರ ಯಂತ್ರ ನಿಂತ ಮೇಲೆ ಎಲ್ಲರೂ ಜೋಳದ ಗಂಜಿಗೆ ಕೂತರು.

"ಪಟ್ಟಿ ಬಂತಾ?" ಅಪ್ಪ ಕೇಳಿದರು.

"ಇನ್ನೂ ಇಲ್ಲಪ್ಪ. ಕಾಯ್ತಾ ಇದೀನಿ."

"ಕಾಯೋದೇ ಕೆಲಸ ಆಗಿದ್ರೆ, ನಮ್ಮ ಬಾಗಿಲಲ್ಲಿ ಸಾಲು ನಿಲ್ಲೋ ಹೆಂಗಸ್ರಿಗೆಲ್ಲ ಸಂಬಳ ಬರಬೇಕಿತ್ತು."

ಅಜ್ಜಿ ಬೊಚ್ಚುಬಾಯಲ್ಲಿ ನಕ್ಕಳು. ಅಮ್ಮ ವಡೆಯ ಬಟ್ಟಲನ್ನು ಹಿರಿಮಗಳ ಕಡೆ ತಳ್ಳಿ, "ತಿನ್ನಲಿ ಬಿಡ್ರಿ, ನಾಲ್ಕು ವರ್ಷ ಹಾಸ್ಟೆಲ್ ಅನ್ನ ತಿಂದು ಬಂದಿದಾಳೆ" ಎಂದಳು.

"ತಿನ್ನೋದಕ್ಕೆ ಯಾರೂ ಬೇಡ ಅಂದಿಲ್ಲ. ನಾಳೆಯಿಂದ ತಂಗಿ ಜೊತೆ ಹೊಲಿಗೆ ಅಂಗಡಿಗೆ ಹೋಗ್ಲಿ. ಕರೆಪತ್ರ ಬರೋ ತನಕ ಸೂಜಿಗೆ ದಾರ ಪೋಣಿಸೋದಾದ್ರೂ ಕಲೀತಾಳೆ. ದೇವರು ಕೊಟ್ಟ ಹಗಲು ಹಾಳು ಮಾಡಬಾರ್ದು."

ಮೊರೆನಿಕೆ ಚಮಚ ಕೆಳಗಿಟ್ಟಳು. "ನಾನಾ? ಹೊಲಿಗೆಗಾ?"

"ಯಾಕೆ, ನಿನ್ನ ಸಂಖ್ಯಾಶಾಸ್ತ್ರ ಬಟ್ಟೆ ಹಾಕ್ಕೊಳಲ್ವಾ?"

ಅಬೊಸೆಡೆ ಬಟ್ಟಲುಗಳನ್ನು ಎತ್ತಿಕೊಂಡು ಹೋದಳು. ಹೈಸ್ಕೂಲು ಮುಗಿದ ವರ್ಷ, ಇಬ್ಬರಲ್ಲಿ ಒಬ್ಬಳನ್ನು ಮಾತ್ರ ಓದಿಸಲು ಸಾಧ್ಯ ಎಂದು ಅಪ್ಪ ಹೇಳಿದಾಗಲೂ ಅವಳು ಹೀಗೆಯೇ ಬಟ್ಟಲು ಎತ್ತಿಕೊಂಡು ಹೋಗಿದ್ದಳು.

ಹೊಲಿಗೆಯ ಮೇಡಂ ಐವತ್ತು ದಾಟಿದ ಹೆಂಗಸು. ಕೊರಳಲ್ಲಿ ಅಳತೆ ಪಟ್ಟಿ, ಅದರ ಕೆಳಗೆ ಶಿಲುಬೆ. ಕತ್ತರಿಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡದೆ ಅವಳು ಅಂಗಡಿ ಶುರುಮಾಡಿದವಳೇ ಅಲ್ಲ. ಮೊದಲ ದಿನವೇ ಮೊರೆನಿಕೆಯನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದಳು.

"ಇಲ್ಲಿ ವಯಸ್ಸಿನ ಲೆಕ್ಕ ಇಲ್ಲ ಮಗಳೇ. ಹೊಸ್ತಿಲು ಯಾರು ಮೊದಲು ದಾಟಿದ್ರೋ ಅವರು ಹಿರಿಯರು. ಈ ರಿಸಿ ನಿನಗಿಂತ ಎಂಟು ವರ್ಷ ಚಿಕ್ಕವಳು. ಅಂಗಡಿ ಒಳಗೆ ನಿನಗೆ ಅಕ್ಕ."

ಹದಿನೈದರ ರಿಸಿ ಗುಂಡಿ ಹೊಲಿಯುತ್ತಿದ್ದವಳು ತಲೆಯೆತ್ತಿ ಹಲ್ಲು ಬಿಟ್ಟಳು.

"ಮತ್ತೆ ಅಬೊಸೆಡೆ ಎಲ್ಲರಿಗಿಂತ ಹಿರಿಯಳು. ನಾನಿಲ್ಲದಾಗ ಕತ್ತರಿ ಅವಳ ಕೈಯಲ್ಲಿ. ಅವಳೂ ನಿನಗೆ ಅಕ್ಕನೇ. ಇನ್ನು ಒಂಬತ್ತು ವಾರಕ್ಕೆ ಕಲಿಕೆ ಮುಗಿದು ಅವಳ ಬಿಡುಗಡೆ. ಆ ದಿನ ಕಿರಿಯರೆಲ್ಲ ಒಬ್ಬೊಬ್ಬರಾಗಿ ಮಂಡಿಯೂರಿ ಅವಳನ್ನ ಅಕ್ಕ ಅಂತ ಕರೀಬೇಕು. ಆಮೇಲೇ ನಾನು ಅವಳ ಕೈಗೆ ಕತ್ತರಿ ಕೊಡೋದು. ನನ್ನ ಗುರು ನನಗೆ ಮಾಡಿದ್ದು ಹಾಗೇ."

ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಮೂರು ವರ್ಷ ಮೊದಲು ಬೆಳಕು ಕಂಡವಳು, ತನ್ನ ಬೆನ್ನ ಮೇಲೆ ಕಟ್ಟಿಕೊಂಡು ಆಡಿಸಿದ ತಂಗಿಯನ್ನು ಅಕ್ಕ ಎನ್ನುವುದೇ? ಮೊರೆನಿಕೆಗೆ ನಾಲಿಗೆ ಏಳಲಿಲ್ಲ. ಕರೆಯದೆಯೇ ಕೆಲಸ ನಡೆಸುವ ದಾರಿಗಳನ್ನು ಕಂಡುಕೊಂಡಳು. ದಾರ ಬೇಕಾದರೆ ಕೆಮ್ಮುವಳು, ಇಸ್ತ್ರಿ ಪೆಟ್ಟಿಗೆ ಬೇಕಾದರೆ ಎದ್ದು ಹೋಗಿ ಪಕ್ಕದಲ್ಲಿ ನಿಲ್ಲುವಳು. ರಿಸಿ ಇದನ್ನೆಲ್ಲ ನೋಡಿ, "ಪಾಪ, ಡಿಗ್ರಿಯವರಿಗೆ ಗಂಟಲು ಕೆಟ್ಟಿದೆ, ಶುಂಠಿ ಕಷಾಯ ಕುಡೀರಿ" ಎನ್ನುವಳು.

ಮನೆಯಲ್ಲಿ ಅಮ್ಮನಿಗೆ ಸುದ್ದಿ ಮುಟ್ಟಿತು. ಹೆಗ್ಗೆಣಸು ಕುಟ್ಟುತ್ತಿದ್ದವಳು ಒನಕೆ ನಿಲ್ಲಿಸಿದಳು.

"ಹೆತ್ತ ನಾನಿನ್ನೂ ಬದುಕಿದೀನಿ. ಹಿರಿಯಳು ಕಿರಿಯಳನ್ನ ಅಕ್ಕ ಅನ್ನೋದು ಎಲ್ಲಾದ್ರೂ ಉಂಟಾ?"

"ಅಂಗಡಿ ನಿಯಮ ಅಂಗಡೀಲಿ, ಮನೆ ನಿಯಮ ಮನೇಲಿ," ಎಂದರು ಅಪ್ಪ. "ಇವಳು ಯೂನಿವರ್ಸಿಟೀಲಿ ತನಗಿಂತ ಚಿಕ್ಕ ಮೇಷ್ಟ್ರಿಗೆ ಸಾರ್ ಅನ್ನಲಿಲ್ವಾ?"

"ಅಮ್ಮ, ಅವಳು ಇನ್ನೂ ಒಂದು ಸಲಾನೂ ಕರೆದಿಲ್ಲ," ಎಂದಳು ಅಬೊಸೆಡೆ ನಗುತ್ತ. "ಕೆಮ್ತಾಳೆ ಅಷ್ಟೆ."

"ಒಂಬತ್ತು ವಾರದೊಳಗೆ ಕರೆಪತ್ರ ಬಂದ್ಬಿಡುತ್ತೆ," ಅಮ್ಮ ಮತ್ತೆ ಒನಕೆ ಎತ್ತಿದಳು. "ಬಿಡುಗಡೆ ದಿನ ಇವಳು ಊರಲ್ಲೇ ಇರಲ್ಲ. ಮಂಡಿಯೂರೋ ಪ್ರಶ್ನೇನೇ ಬರಲ್ಲ." ಆ ಮಾತು ಮೊರೆನಿಕೆಯ ಹೊಟ್ಟೆಗೆ ತಂಪಾಗಿ ಇಳಿಯಿತು.

ವಾರಗಳು ಕಳೆದವು. ಅಂಚು ಮಡಿಸುವುದು, ಕಾಜಾ ಮಾಡುವುದು, ಹೊಲಿಗೆ ಬಿಚ್ಚುವುದು ಅವಳ ಕೈಗೆ ಹತ್ತಿದವು. ಹಾಗೆ ನೋಡಿದರೆ ಕೈ ಚುರುಕೇ ಇತ್ತು. ಸಂಜೆ ಯಂತ್ರದ ಪಕ್ಕದ ಬೆಂಚಿನಲ್ಲಿ ಕೂತು ಅಬೊಸೆಡೆ ಹಳೆಯ ಹಿಟ್ಟಿನ ಚೀಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸುತ್ತಿದ್ದಳು. ತನ್ನ ಬಿಡುಗಡೆಗೆಂದು ಅಮ್ಮ ತಂದ ನೀಲಿ ಬಟ್ಟೆಯನ್ನೂ ಆಗಲೇ ಕತ್ತರಿಸಿಟ್ಟುಕೊಂಡಿದ್ದಳು. ಅಮ್ಮ ಅಕ್ಕಿ ಕೊಂಡು ಒಳಗಿಟ್ಟಿದ್ದಳು. ಅತ್ತೆಯರಿಗೆ ಹೇಳಿ ಕಳಿಸಿಯಾಗಿತ್ತು.

ಆರನೆಯ ವಾರ ಮೇಡಂ ಒಂದು ಸಾವಿನ ಕಾರ್ಯಕ್ಕೆಂದು ಒಸೊಗ್ಬೊ ಪಟ್ಟಣಕ್ಕೆ ಹೊರಟಳು. ಮೇಜಿನ ಮೇಲೆ ಮದುಮಗಳ ತಾಯಿಯ ಲೇಸ್ ಬಟ್ಟೆ ಹರಡಿತ್ತು. ಮೇಲ್ಮೈಗೆ ಮಾತ್ರ ಮಣಿ ಹಾಕಿದ, ತಿರುವಿ ಹೊಲಿಯಲಾಗದ ದುಬಾರಿ ಬಟ್ಟೆ, ಅಳತೆಗೆ ಸರಿಯಾಗಿ ಅಷ್ಟೇ ಇತ್ತು. ಮೇಡಂ ಒಂದು ತೋಳಿಗೆ ಗೆರೆ ಎಳೆದಿದ್ದಳು. "ನಾನು ಬರೋ ತನಕ ಇದನ್ನ ಯಾರೂ ಮುಟ್ಟಬೇಡಿ" ಎಂದು ಹೇಳಿ ಕತ್ತರಿಯನ್ನು ಅಬೊಸೆಡೆಯ ಕೈಗಿತ್ತಳು. ಮಧ್ಯಾಹ್ನ ಅಬೊಸೆಡೆ ಕತ್ತರಿಯನ್ನು ಮೇಜಿನ ಮೇಲೆಯೇ ಬಿಟ್ಟು, ರಿಸಿಯನ್ನು ಕರೆದುಕೊಂಡು ಹೊಲಿದ ಬಟ್ಟೆ ಕೊಡಲು ಹೋದಳು.

ಆಗ ಬಾಗಿಲಲ್ಲಿ ನೆರಳು ಬಿತ್ತು. ಡಮಿಲೊಲಾ, ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷ ಪಕ್ಕದ ಬೆಂಚಿನಲ್ಲಿ ಕೂತವಳು, ಮದುವೆಗೆಂದು ನೆಂಟರ ಮನೆಗೆ ಬಂದಿದ್ದಳು. ಕೈಯಲ್ಲಿ ಸಡಿಲ ರವಿಕೆ.

"ಮೊರೆನಿಕೆ? ನೀನೇನೇ ಇಲ್ಲಿ? ಹೊಲಿಗೆ ಕಲಿಯೋಕೆ ಸೇರಿದ್ಯಾ?"

ಮೊರೆನಿಕೆಯ ಮಡಿಲಲ್ಲಿ ಬಿಚ್ಚಿದ ದಾರದ ತುಂಡುಗಳಿದ್ದವು. ಅವನ್ನು ಕೊಡವಿಕೊಂಡು ಎದ್ದಳು.

"ಕಲಿಯೋಕಾ? ಇಲ್ವೇ. ಅಂಗಡಿ ನಮ್ಮದೇ ಅನ್ನು. ಕರೆಪತ್ರ ಬರೋ ತನಕ ನೋಡ್ಕೋತಾ ಇದೀನಿ."

"ಅಬ್ಬ, ನಾನು ಮನೇಲಿ ಮಲಗಿ ಮಲಗಿ ದಿಂಬಾಗಿದೀನಿ. ನೀನು ನೋಡಿದ್ರೆ ಯಜಮಾನಿ. ಕತ್ತರಿಸೋದೂ ಬರುತ್ತಾ?"

ಬರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಮ್ಮೆಯ ಕೈ ನಾಚಿಕೆಯ ಕೈಗಿಂತ ಬೇಗ ಏಳುತ್ತದೆ. ಮೊರೆನಿಕೆ ಕತ್ತರಿ ತೆಗೆದುಕೊಂಡಳು. ಗೆರೆಯ ಮೇಲೆ ಮೊದಲ ತೋಳು ಸಲೀಸಾಗಿ ಬಂತು. ಡಮಿಲೊಲಾ ಫೋನು ಎತ್ತಿ ಚಿತ್ರ ತೆಗೆಯುತ್ತಿದ್ದಳು. ಆ ತೋಳನ್ನೇ ಉಳಿದ ಬಟ್ಟೆಯ ಮೇಲೆ ಹಾಸಿ, ಅದರ ಅಂಚು ಹಿಡಿದು ಎರಡನೆಯದನ್ನೂ ಕತ್ತರಿಸಿದಳು. ತಿರುಗಿಸಿ ಹಾಸಬೇಕೆಂಬುದು ಅವಳಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಅಬೊಸೆಡೆ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು, ಮಂಡಿ ಬಗ್ಗಿಸಿ ವಂದಿಸಿದಳು.

"ಇವಳು ಯಾರು?" ಎಂದಳು ಡಮಿಲೊಲಾ.

"ಇಲ್ಲಿ ಕೆಲಸ ಮಾಡೋ ಹುಡುಗಿ."

ಅಬೊಸೆಡೆಯ ಕಣ್ಣು ಅಕ್ಕನ ಮುಖದ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಮೇಜಿನ ಮೇಲಿನ ಲೇಸಿನ ಮೇಲೆ. "ರವಿಕೆ ಕೊಡಿ, ನಾಳೆ ಹೊತ್ತಿಗೆ ಬಿಗಿ ಮಾಡಿ ಇಟ್ಟಿರ್ತೀವಿ," ಎಂದು ಕೈ ಚಾಚಿದಳು.

ಮರುದಿನ ಮೇಡಂ ಎರಡು ತೋಳನ್ನೂ ಎತ್ತಿ ಬೆಳಕಿಗೆ ಹಿಡಿದಳು. ಒಂದನ್ನು ತನ್ನ ಎಡಗೈಗೆ ಏರಿಸಿದಳು. ಇನ್ನೊಂದನ್ನೂ ಎಡಗೈಗೇ ಏರಿಸಬೇಕಾಯಿತು. ಎರಡೂ ಎಡದ ತೋಳು. ಬಟ್ಟೆ ಗೇಣುದ್ದವೂ ಉಳಿದಿರಲಿಲ್ಲ. ಶನಿವಾರ ಮದುವೆ.

ಅಂಗಡಿಯಲ್ಲಿ ಒಂದು ಯಂತ್ರವೂ ಓಡಲಿಲ್ಲ.

"ಕತ್ತರಿ ಯಾರ ಕೈಯಲ್ಲಿ ಕೊಟ್ಟು ಹೋಗಿದ್ದೆ?"

"ನನ್ನ ಕೈಯಲ್ಲಿ ಮೇಡಂ," ಎಂದಳು ಅಬೊಸೆಡೆ.

"ಕತ್ತರಿಸಿದ್ದೂ ನೀನೇನಾ?"

ಅಬೊಸೆಡೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ನೆಲಕ್ಕೆ ಮಂಡಿಯೂರಿ, "ಕತ್ತರಿ ನನ್ನ ಕೈಯಲ್ಲಿತ್ತು. ತಪ್ಪಾಯ್ತು," ಎಂದಳು. ಹೊರಗಿನವರ ಮುಂದೆ ಒಡಹುಟ್ಟಿದ ಹಿರಿಯಳ ಮಾನ ತೆಗೆಯಬಾರದೆಂದು ಅಜ್ಜಿಯ ತೊಡೆಯ ಮೇಲೆ ಕಲಿತವಳು ಅವಳು. ಮೊರೆನಿಕೆ ಗೋಡೆಯ ಬಳಿ ನಿಂತಿದ್ದಳು. ಈಗ ಹೇಳುತ್ತೇನೆ, ಈ ಉಸಿರು ಬಿಟ್ಟ ಮೇಲೆ ಹೇಳುತ್ತೇನೆ ಎಂದುಕೊಂಡಳು. ಉಸಿರು ಬಿಟ್ಟಳು, ಮತ್ತೊಂದು ತೆಗೆದುಕೊಂಡಳು.

"ಮೂರು ವರ್ಷ ಕಲಿಸಿದ್ದು ಇದನ್ನಾ?" ಮೇಡಂ ದನಿ ಏರಿಸಲೂ ಇಲ್ಲ. "ಇಂಥ ಕೈಗೆ ಬಿಡುಗಡೆ ಕೊಟ್ಟರೆ ನಾಳೆ ದರ್ಜಿಗಳ ಸಂಘದವರು ನನ್ನ ಮುಖಕ್ಕೆ ಉಗೀತಾರೆ. ಇನ್ನು ಆರು ತಿಂಗಳು ಕೂತ್ಕೊ. ಸಂಘಕ್ಕೆ ನಾನೇ ಹೇಳ್ತೀನಿ."

ಆ ಸಂಜೆ ಮನೆಯಲ್ಲಿ ಮೀನಿನ ಸಾರು. ಯಾರಿಗೂ ರುಚಿ ತಿಳಿಯಲಿಲ್ಲ.

"ಎರಡು ಎಡಗೈ ಇರೋ ಹೆಂಗಸನ್ನ ದೇವರು ಇನ್ನೂ ಸೃಷ್ಟಿ ಮಾಡಿಲ್ಲ," ಅಪ್ಪ ಕೂಗಾಡುತ್ತಿದ್ದರು. "ಎಲ್ಲಿತ್ತೇ ಗಮನ? ಅಕ್ಕನ್ನ ನೋಡಿ ಕಲಿ. ನಾಲ್ಕು ವರ್ಷ ಓದಿದ್ಲು, ಒಂದು ಪರೀಕ್ಷೆ ಕಳ್ಕೊಳ್ಳಲಿಲ್ಲ."

"ಅತ್ತೆಯರಿಗೆಲ್ಲ ಈಗ ಯಾವ ಮುಖ ಇಟ್ಕೊಂಡು ಹೇಳಲಿ?" ಅಮ್ಮ ಸೆರಗಿನಲ್ಲಿ ಮೂಗು ಒರೆಸಿದಳು. "ದೊಡ್ಡತ್ತೆ ಆಗಲೇ ಗೊಣಗಿದ್ಲು, ಕಿರಿಯಳನ್ನ ಓದಿಸದೆ ಕೆಡಿಸಿದ್ರಿ ಅಂತ."

"ನಾನೇ ಹೋಗಿ ಹೇಳ್ತೀನಮ್ಮ," ಎಂದಳು ಅಬೊಸೆಡೆ.

ಅಮ್ಮ ಅಭ್ಯಾಸದಂತೆ ಮೀನಿನ ದಪ್ಪ ತುಂಡನ್ನು ಮೊರೆನಿಕೆಯ ತಟ್ಟೆಗೆ ಹಾಕಿದಳು. ಅದು ಅಲ್ಲೇ ಆರಿತು. "ಹೊಟ್ಟೆ ಸರಿಯಿಲ್ಲ," ಎಂದು ಅವಳು ಎದ್ದಳು.

ಜಗಲಿಯಲ್ಲಿ ಅಜ್ಜಿ ಎಲೆ ಸೊಪ್ಪು ಸೋಸುತ್ತ ಕೂತಿದ್ದಳು. ಮೊಮ್ಮಗಳ ಕಡೆ ನೋಡದೆಯೇ ಹೇಳಿದಳು. "ಹೊಟ್ಟೆನೋವಿಗೆ ಕಷಾಯ ಇದೆ. ಮುಳ್ಳಿಗೆ ಕಷಾಯ ಇಲ್ಲಮ್ಮ. ಕಾಲಿಗೆ ಮುಳ್ಳು ಚುಚ್ಚಿಕೊಂಡವನೇ ಕುಂಟುತ್ತ ಚೂರಿ ಇರೋರ ಹತ್ರ ಹೋಗಬೇಕು. ಚೂರಿ ಎದ್ದು ಬರಲ್ಲ."

"ನಿನಗೇನು ಗೊತ್ತು ಅಜ್ಜಿ?"

"ನನಗೇನೂ ಗೊತ್ತಿಲ್ಲ. ಸೊಪ್ಪು ಸೋಸ್ತಾ ಇದೀನಿ."

ಮುಂದಿನ ಬುಧವಾರ ಕರೆಪತ್ರ ಬಂತು. ದೂರದ ಉತ್ತರ, ಕೆಬ್ಬಿ ರಾಜ್ಯ. ಆ ವಾರ ಕಳೆದರೆ ಶಿಬಿರ. ಅಪ್ಪ ಯಂತ್ರ ನಿಲ್ಲಿಸಿ, ಸಾಲಿನಲ್ಲಿದ್ದ ಹೆಂಗಸರನ್ನೆಲ್ಲ ನಿಲ್ಲಿಸಿಕೊಂಡು, ಮೆಣಸಿನ ಕೈಯಲ್ಲೇ ಪ್ರಾರ್ಥನೆ ಮಾಡಿದರು. "ನಮ್ಮ ಮನೆಯ ತಲೆ ಎತ್ತಿಸಿದ ಮಗಳು" ಎಂದು ದೇವರಿಗೆ ಒಪ್ಪಿಸಿದರು. ಹೆಂಗಸರು ಆಮೆನ್ ಎಂದರು. ಮೊರೆನಿಕೆಗೆ ಕಣ್ಣು ಉರಿಯಿತು. ಅದು ಮೆಣಸಿನ ಘಾಟಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಶಿಬಿರಕ್ಕೆ ಬಿಳಿಯ ಚಡ್ಡಿಗಳು ಬೇಕು. ಪೇಟೆಯಲ್ಲಿ ತರೋಣ ಎಂದಳು ಅಮ್ಮ. ಶುಕ್ರವಾರ ಸಂಜೆ ಅಬೊಸೆಡೆ ಒಂದು ಪೊಟ್ಟಣ ತಂದು ಮಂಚದ ಮೇಲಿಟ್ಟಳು. ಎರಡು ಬಿಳಿ ಚಡ್ಡಿ, ಜೇಬಿಗೆ ಎರಡು ಸಲ ಹೊಲಿಗೆ.

"ಅಳತೆ ಯಾವಾಗ ತಗೊಂಡೆ?" ಮೊರೆನಿಕೆ ಕೇಳಿದಳು.

"ನಿನ್ನ ಅಳತೆಗೆ ಪಟ್ಟಿ ಯಾಕೆ? ಹಾಕ್ಕೊಂಡು ನೋಡು, ಸೊಂಟ ಹಿಡಿದ್ರೆ ಬಿಚ್ತೀನಿ."

ಹಿಡಿಯಲಿಲ್ಲ, ಜಾರಲೂ ಇಲ್ಲ. ಮೈಗೆ ಹುಟ್ಟಿದಂತೆ ಕೂತಿತು. ತಂಗಿ ಮಂಡಿಯೂರಿ ಅಂಚು ಸರಿಯಿದೆಯೇ ಎಂದು ಸುತ್ತ ನೋಡುತ್ತಿದ್ದಳು, ಬಾಯಲ್ಲಿ ಗುಂಡುಸೂಜಿ. ಆ ತಲೆಯ ನೆತ್ತಿಯನ್ನು ನೋಡುತ್ತ ನಿಂತ ಮೊರೆನಿಕೆಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

"ಯಾಕೆ ಹೇಳಲಿಲ್ಲ ನೀನು?"

ಅಬೊಸೆಡೆ ಬಾಯಿಂದ ಸೂಜಿ ತೆಗೆದಳು. "ಬಾಯಿ ನಿನಗಿರಲಿಲ್ವಾ?"

ಅಷ್ಟೇ ಮಾತು. ಅದರಲ್ಲಿ ಸಿಟ್ಟೂ ಇರಲಿಲ್ಲ.

ಶನಿವಾರ ಬೆಳಗ್ಗೆ ಮೇಡಂ ಕತ್ತರಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ್ದಾಗ ಮೊರೆನಿಕೆ ಬಾಗಿಲಲ್ಲಿ ಮಂಡಿಯೂರಿದಳು. ಪ್ರಾರ್ಥನೆ ಮುಗಿಯುವ ತನಕ ಹಾಗೆಯೇ ಇದ್ದಳು.

"ಆ ತೋಳು ಕತ್ತರಿಸಿದ್ದು ನಾನು ಮೇಡಂ. ಸ್ನೇಹಿತೆ ಬಂದಿದ್ಲು. ಅಂಗಡಿ ನಮ್ಮದು ಅಂತ ಹೇಳ್ಬಿಟ್ಟೆ. ಅವಳಿಗೆ ತೋರಿಸೋಕೆ ಕತ್ತರಿಸಿದೆ."

ರಿಸಿಯ ಕಾಲು ಯಂತ್ರದ ಮೆಟ್ಟಿನ ಮೇಲೆಯೇ ನಿಂತಿತು. ಅಬೊಸೆಡೆ ಬಟ್ಟೆಯಿಂದ ತಲೆ ಎತ್ತಲಿಲ್ಲ.

"ಇವತ್ತಿಗೆ ಎಷ್ಟು ದಿನ ಆಯ್ತು?" ಎಂದಳು ಮೇಡಂ.

"ಹನ್ನೊಂದು."

"ಹನ್ನೊಂದು ದಿನ ನಿನ್ನ ತಂಗಿ ಮುಖ ನೋಡ್ಕೊಂಡು ಊಟ ಮಾಡಿದೀಯ. ಮದುಮಗಳ ತಾಯಿ ಈ ಬಾಗಿಲಲ್ಲಿ ನಿಂತು ನನ್ನ ಹೆತ್ತವಳನ್ನೂ ಬಿಡದೆ ಬೈದು ಹೋದ್ಲು. ತೋಳಿಲ್ಲದ ಉಡುಪು ಹಾಕ್ಕೊಂಡು ಮಗಳನ್ನ ಮದುವೆ ಮಾಡಿ ಕೊಟ್ಲು. ಆವಾಗ ನೀನು ಹಿಂದೆ ನಿಂತು ಇಸ್ತ್ರಿ ಮಾಡ್ತಿದ್ದೆ."

"ಹೌದು ಮೇಡಂ. ಅಬೊಸೆಡೆ ಬಿಡುಗಡೆ ಅವಳಿಗೆ ಕೊಟ್ಬಿಡಿ. ನನಗೆ ಏನು ಬೇಕಾದ್ರೂ ಮಾಡಿ."

"ನಿನಗೆ ನಾನೇನು ಮಾಡಲಿ? ನೀನು ಸೋಮವಾರ ಬಸ್ಸು ಹತ್ತೋಳು." ಮೇಡಂ ಕತ್ತರಿಯನ್ನು ತನ್ನ ಕಡೆ ಎಳೆದುಕೊಂಡಳು. "ಕತ್ತರಿ ಮೇಜಿನ ಮೇಲೆ ಬಿಟ್ಟು ಹೋದದ್ದು ಅವಳ ತಪ್ಪೇ. ಸುಮ್ಮನಿದ್ದದ್ದೂ ತಪ್ಪೇ. ಸಂಘಕ್ಕೆ ಹೇಳಿ ಆಗಿದೆ. ಆರು ತಿಂಗಳನ್ನ ಮೂರು ಮಾಡ್ತೀನಿ. ಪೂರ್ತಿ ಅಳಿಸೋಕೆ ನನ್ನಿಂದ ಆಗಲ್ಲ. ಕತ್ತರಿಸಿದ ಬಟ್ಟೆ ಅದು."

ಮೊರೆನಿಕೆ ಎದ್ದು ಹೋಗುವಾಗ ತಂಗಿಯ ಯಂತ್ರದ ಬಳಿ ನಿಂತಳು. ಆ ಒಂದು ಪದ ಗಂಟಲ ತನಕ ಬಂತು. ಬರೇ ಕೆಮ್ಮು ಹೊರಟಿತು. ಈ ಸಲ ರಿಸಿಯೂ ನಗಲಿಲ್ಲ.

ಮನೆಯಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು. ಮಧ್ಯಾಹ್ನ ಎಲ್ಲರ ಮುಂದೆ ತಟ್ಟೆ ಇಟ್ಟ ಮೇಲೆ ಹೇಳಿದಳು. ಅಮ್ಮ ಸೌಟು ಹಿಡಿದೇ ನಿಂತುಬಿಟ್ಟಳು. ಬಯ್ಯುತ್ತಾರೆಂದು ಮೊರೆನಿಕೆ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. ಹೆತ್ತ ತಂದೆ ಕಿರಿಮಗಳಿಗೆ ತಪ್ಪಾಯಿತು ಎನ್ನುವ ಪದ್ಧತಿ ಆ ಸೀಮೆಯಲ್ಲಿ ಇಲ್ಲ. ಮನೆಯ ಯಜಮಾನನಿಗೆಂದು ಇಟ್ಟಿದ್ದ ಮೀನಿನ ತಲೆಯನ್ನು ಅಪ್ಪ ತಮ್ಮ ಬಟ್ಟಲಿನಿಂದ ಎತ್ತಿ ಅಬೊಸೆಡೆಯ ತಟ್ಟೆಗೆ ಹಾಕಿದರು.

"ನನಗೆ ಬೇಡಪ್ಪ, ಮುಳ್ಳು ಜಾಸ್ತಿ," ಎಂದಳು ಅವಳು.

"ತಿನ್ನು," ಎಂದರು ಅಪ್ಪ, ಗೋಡೆ ನೋಡುತ್ತ.

ಸೋಮವಾರ ಬಸ್ ನಿಲ್ದಾಣಕ್ಕೆ ಅಬೊಸೆಡೆಯೇ ಜೊತೆಗೆ ಬಂದಳು. ಕಿರಿಯಳ ಧರ್ಮದಂತೆ ಚೀಲವನ್ನು ತಲೆಗೇರಿಸಲು ಹೋದಳು. ಮೊರೆನಿಕೆ ಕಿತ್ತುಕೊಂಡು ತಾನೇ ಹೊತ್ತಳು. ದಾರಿಯುದ್ದಕ್ಕೂ ಹವಾಮಾನದ ಮಾತಾಡಿದರು.

ಕೆಬ್ಬಿಯಲ್ಲಿ ಶಿಬಿರ ಮುಗಿದು ಅವಳಿಗೆ ಒಂದು ಶಾಲೆ ಸಿಕ್ಕಿತು. ಲೆಕ್ಕ ಕಲಿಸುತ್ತಿದ್ದಳು. ಮೂರು ತಿಂಗಳ ಮೇಲೆ ಒಂದು ಶನಿವಾರ, ಪರೀಕ್ಷೆಯ ಕಾಗದ ತಿದ್ದಲು ಶಿಕ್ಷಕರೆಲ್ಲ ಕೂತಿದ್ದಾಗ ಫೋನು ಬಂತು. ಅಮ್ಮ.

"ಬಿಡುಗಡೆ ಶುರುವಾಯ್ತು. ನೀನು ಕೇಳಲಿ ಅಂತ ಫೋನು ಮೇಡಂ ಮುಂದೆ ಹಿಡಿದಿದೀನಿ."

ಗದ್ದಲದ ನಡುವೆ ಮೇಡಂ ಪ್ರಾರ್ಥಿಸುವುದು ಕೇಳಿಸಿತು. ಆಮೇಲೆ ಹೆಸರು ಕರೆಯತೊಡಗಿದಳು. ರಿಸಿ. "ಅಕ್ಕ," ಎಂದಳು ರಿಸಿ, ನಗುತ್ತ. ಆಮೇಲೆ ಇನ್ನೊಬ್ಬಳು. ಮತ್ತೊಬ್ಬಳು. ಸಾಲು ಮುಗಿಯಿತೆಂದು ಚಪ್ಪಾಳೆಗೆ ಕೈಗಳು ಏಳುವ ಸದ್ದಾಯಿತು.

"ಇರಿ," ಎಂದಳು ಮೇಡಂ. "ಈ ಅಂಗಡಿ ಹೊಸ್ತಿಲು ದಾಟಿದೋರು ಇನ್ನೊಬ್ಬರಿದ್ದಾರೆ. ಮೊರೆನಿಕೆ."

ಅಮ್ಮನ ಪಿಸುಮಾತು ಕೇಳಿಸಿತು. "ಕೂತಲ್ಲಿಂದಲೇ ಹೇಳ್ಬಿಡೇ. ಇಲ್ಲಿ ಯಾರಿಗೆ ಕಾಣುತ್ತೆ?"

ಎದುರಿನ ಮೇಜಿನಲ್ಲಿ ಮುಖ್ಯೋಪಾಧ್ಯಾಯರಿದ್ದರು. ಪಕ್ಕದಲ್ಲಿ ಇವಳನ್ನು ಗೌರವದಿಂದ ಟೀಚರೇ ಎನ್ನುವ ಹಿರಿಯ ಶಿಕ್ಷಕಿ. ಮೊರೆನಿಕೆ ಕೆಂಪು ಶಾಯಿಯ ಪೆನ್ನು ಕೆಳಗಿಟ್ಟು, ಕುರ್ಚಿ ಹಿಂದಕ್ಕೆ ಸರಿಸಿ, ರಾಷ್ಟ್ರಸೇವೆಯ ಖಾಕಿ ಸಮವಸ್ತ್ರದಲ್ಲಿಯೇ ಸಿಮೆಂಟು ನೆಲದ ಮೇಲೆ ಎರಡೂ ಮಂಡಿ ಊರಿದಳು. ಕೋಣೆಯಲ್ಲಿ ಕಾಗದದ ಸದ್ದು ನಿಂತಿತು. ಎಲ್ಲರ ಕಣ್ಣೂ ಅವಳ ಮೇಲಿತ್ತು. ಕಿವಿಯ ತನಕ ಬಿಸಿಯೇರಿತು.

"ಅಕ್ಕ," ಎಂದಳು.

ಆ ಕಡೆ ಫೋನು ಕೈಯಿಂದ ಕೈಗೆ ಹೋದ ಸದ್ದಾಯಿತು. ಆಮೇಲೆ ಅಬೊಸೆಡೆಯ ದನಿ ಬಂತು, ಮೂಗು ಕಟ್ಟಿದಂತೆ, ಬಹಳ ಹತ್ತಿರದಿಂದ.

"ಎದ್ದೇಳು. ಆ ಖಾಕಿ ಬಟ್ಟೆ ಗಟ್ಟಿ ಇರಲ್ಲ, ಮಂಡಿ ಹತ್ರ ಹರಿದುಹೋಗುತ್ತೆ."